ಮಗುಚಿ ಹಾಕಿದ ಶಾಲೆ

ಈ ವಿಷಯವನ್ನು ಹೇಳಬೇಕೆಂದು ಹೊರಟು ನಾನು ಎಷ್ಟು ಸಲ ವಾಪಸ್ಸು ಬಂದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಮಂಡಿನೋವು, ಒಮ್ಮೆ ಪಿತೃಪಕ್ಷ, ಒಮ್ಮೆ ಮನೆಗೆ ಬೀಗರು. ಮನುಷ್ಯ ಒಳ್ಳೆಯ ಕೆಲಸವನ್ನು ಮುಂದೂಡುವುದಕ್ಕೆ ಕಾರಣಗಳ ಕೊರತೆಯೇ ಇರುವುದಿಲ್ಲ ನೋಡಿ. ಹೋದ ವಾರ ಮೊಮ್ಮಗಳ ಶಾಲೆಯಲ್ಲಿ ದಾರಿ ತಪ್ಪಿ, ಎರಡು ಸಲ ಹೆಣ್ಣುಮಕ್ಕಳ ಶೌಚಾಲಯದ ಮುಂದೆಯೇ ಬಂದು ನಿಂತು, ಆಯಮ್ಮನಿಂದ "ಏನ್ ತಾತ, ಇಲ್ಲೇನ್ ಹುಡುಕ್ತಿದ್ದೀರಾ?" ಅನ್ನಿಸಿಕೊಂಡ ಮೇಲೆ ಇನ್ನು ಮುಂದೂಡಬಾರದು ಅನ್ನಿಸಿತು. ಯಾಕೆಂದರೆ ಆ ಶಾಲೆಯನ್ನು ಮುಂದೆ ನಿಂತು ಕಟ್ಟಿಸಿದವನು ನಾನೇ.

ಬನಶಂಕರಿಯ ನಮ್ಮ ರಸ್ತೆಯಲ್ಲಿರುವ ಈ ಶಾಲೆಯ ಹೆಂಚಿನ ಕಟ್ಟಡ ಸೋರತೊಡಗಿದಾಗ ಹೊಸದನ್ನು ಕಟ್ಟಲು ಒಂದು ಕಮಿಟಿಯಾಯಿತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಜಯನಗರದ ಕಡೆ ಸುಮಾರು ಮನೆಗಳಿಗೆ ಮೇಲ್ವಿಚಾರಣೆ ಮಾಡಿದ್ದೆ, ಜೊತೆಗೆ ಸಿಮೆಂಟಿನ ಮೂಟೆಯನ್ನು ಬೆರಳಿನಿಂದ ತಿವಿದು ತಲೆಯಾಡಿಸುವ ಅಭ್ಯಾಸವಿತ್ತು. ಅದನ್ನು ನೋಡಿದವರು ನನ್ನನ್ನು ಅರ್ಧ ಎಂಜಿನಿಯರೆಂದೇ ತಿಳಿಯುತ್ತಿದ್ದರು. ನಾನೂ ತಿಳಿಯುತ್ತಿದ್ದೆ.

ನಕ್ಷೆ ಬರೆದವಳು ನನ್ನ ಮಗಳ ವಯಸ್ಸಿನ ಆರ್ಕಿಟೆಕ್ಟ್. ಮೇಜಿನ ಮೇಲೆ ಹಾಳೆ ಹರಡಿ ಎಲ್ಲವನ್ನೂ ವಿವರಿಸಿದಳು. ರಸ್ತೆ ಇರುವುದು ಪಶ್ಚಿಮಕ್ಕೆ, ಗೇಟೂ ಬಾಗಿಲೂ ಅಲ್ಲೇ. ಮೆಟ್ಟಿಲು, ಉಗ್ರಾಣ, ಶೌಚಾಲಯ ಎಲ್ಲ ಪಶ್ಚಿಮದ ಕಡೆಗೆ, ಮಧ್ಯಾಹ್ನದ ಬಿಸಿಲು ಅವುಗಳ ಮೇಲೆ ಬೀಳಲಿ ಎಂದು. ತರಗತಿಗಳ ದೊಡ್ಡ ಕಿಟಕಿಗಳು ಪೂರ್ವಕ್ಕೆ. "ಮಗು ಬಾಗಿಲಲ್ಲಿ ನಿಂತ್ರೆ ಅಂಗಳ, ಅದರಾಚೆ ತನ್ನ ಕ್ಲಾಸು ಎರಡೂ ಕಾಣ್ಬೇಕು ಅಂಕಲ್. ದೊಡ್ಡ ಕಟ್ಟಡ ನೋಡಿದ್ರೆ ಚಿಕ್ಕವರಿಗೆ ಭಯ ಆಗುತ್ತೆ" ಎಂದಳು. ನನಗೆ ಎಲ್ಲವೂ ಅರ್ಥವಾದಂತೆ ತಲೆಯಾಡಿಸಿದೆ, ಸಿಮೆಂಟಿಗೆ ಆಡಿಸುವ ಹಾಗೆಯೇ.

ಪಾಯ ತೆಗೆಯುವ ಹೊತ್ತಿಗೆ ಅವಳು ಬಾಣಂತನಕ್ಕೆ ಶಿವಮೊಗ್ಗಕ್ಕೆ ಹೋದಳು. "ಏನೇ ಅನುಮಾನ ಬಂದ್ರೂ ಒಂದು ಫೋನ್ ಮಾಡಿ ಅಂಕಲ್, ಮುಜುಗರ ಪಟ್ಕೋಬೇಡಿ" ಎಂದು ಹೇಳಿಯೇ ಹೋದಳು. ಅತ್ತ ಅವಳು ಹೋದಳು, ಇತ್ತ ಕಮಿಟಿಯ ಅಧ್ಯಕ್ಷರಿಗೆ ಯಾರೋ ಪಶ್ಚಿಮದ ಬಾಗಿಲು ವಿದ್ಯೆಗೆ ಆಗಿಬರುವುದಿಲ್ಲ ಎಂದು ಕಿವಿ ಊದಿದರು. "ಬಾಗಿಲು ಪೂರ್ವಕ್ಕೇ ಬೇಕು ಕಣ್ರೀ, ಏನಾದ್ರೂ ಮಾಡಿ" ಎಂದು ಅವರು ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕಡೆ ನೋಡಿದರು. ಜೀವನದಲ್ಲಿ ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಮದುವೆಯ ದಿನ ಮಾತ್ರ. ಆವೇಶ ಬಂದು, ನಕ್ಷೆಯನ್ನು ಎತ್ತಿ, ಹಿಂದು ಮುಂದಾಗಿ ಮಗುಚಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಬೆಳಕಿಗೆ ಗೆರೆಗಳೆಲ್ಲ ಚೆನ್ನಾಗಿ ಕಂಡವು. ಬಾಗಿಲು ಪೂರ್ವಕ್ಕೆ ಬಂದಿತ್ತು! ಇಂಗ್ಲಿಷ್ ಅಕ್ಷರಗಳು ಉಲ್ಟಾ ಆಗಿದ್ದವು, ನನಗೆ ಅವು ನೆಟ್ಟಗಿದ್ದಾಗಲೂ ಅಷ್ಟಕ್ಕಷ್ಟೇ.

"ಮೇಡಂ ಒಪ್ತಾರಾ ಸಾರ್?" ಎಂದು ಮೇಸ್ತ್ರಿ ಕೇಳಿದ. "ಫೋನ್ ಮಾಡಿ ಹೇಳಿದ್ದೀನಿ, ಮಾರ್ಕಿಂಗ್ ಶುರು ಮಾಡಪ್ಪ" ಎಂದೆ. ಮೇಡಂ ಒಪ್ಪಿದ್ದಾರೆ ಎಂದು ಕಮಿಟಿಗೂ ಹೇಳಿದೆ. ಫೋನ್ ಮಾಡಿರಲಿಲ್ಲ. ಬಾಣಂತಿಗೆ ಯಾಕೆ ತೊಂದರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಒಂದು ಹುಡುಗಿಯ ಅಪ್ಪಣೆ ಕೇಳಲು ನನಗೆ ಮನಸ್ಸಿರಲಿಲ್ಲ.

ಕಟ್ಟಡ ಎದ್ದ ಮೇಲೆ ನನಗೆ ಸಣ್ಣಗೆ ಗಲಿಬಿಲಿ ಶುರುವಾಯಿತು. ಬಾಗಿಲಿನ ಜೊತೆಗೆ ಉಳಿದದ್ದೆಲ್ಲವೂ ಮಗುಚಿಕೊಂಡಿತ್ತು. ಗೇಟಿನಿಂದ ಬಂದವರು ಪಕ್ಕದ ಕಾಂಪೌಂಡಿನ ಗೋಡೆ ಸವರಿಕೊಂಡು ಇಡೀ ಕಟ್ಟಡ ಸುತ್ತಿ ಹಿಂದಕ್ಕೆ ಹೋಗಬೇಕು. ಕಿಟಕಿಗಳೆಲ್ಲ ಪಶ್ಚಿಮಕ್ಕೆ ತಿರುಗಿ, ಊಟದ ನಂತರದ ಪಾಠಕ್ಕೆ ಮಕ್ಕಳು ಹೆಂಚಿನ ಮೇಲಿನ ಹಪ್ಪಳದಂತೆ ಸುರುಟಿಕೊಂಡು ಕೂರುತ್ತವೆ. ಇದನ್ನೆಲ್ಲ ಸಹಿಸಬಹುದು. ಆದರೆ ಅವಳು ವಾಸ್ತು ನೋಡಿಯೇ ವಾಯವ್ಯದಲ್ಲಿ ಇಟ್ಟಿದ್ದ ಶೌಚಾಲಯ ನನ್ನ ಕೈಚಳಕದಿಂದ ನೇರ ಈಶಾನ್ಯಕ್ಕೆ, ದೇವಮೂಲೆಗೆ, ಹೋಗಿ ಕೂತಿತ್ತು. ವಿದ್ಯೆಗೆಂದು ಬಾಗಿಲು ತಿರುಗಿಸಿದ ಅಧ್ಯಕ್ಷರು ಅದರ ನೆತ್ತಿಯ ಮೇಲೆ ತಾಮ್ರದ ಪಿರಮಿಡ್ಡು ಕೂರಿಸಿ ದೋಷ ಪರಿಹಾರ ಮಾಡಿಸಿದರು.

ಬಾಣಂತನ ಮುಗಿಸಿ ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಗೇಟಿನಲ್ಲಿ ನಿಂತು ಕಟ್ಟಡ ನೋಡಿದಳು, ಕೈಯಲ್ಲಿದ್ದ ನಕ್ಷೆ ನೋಡಿದಳು, ನಕ್ಷೆಯನ್ನು ತಿರುಗಿಸಿ ನೋಡಿದಳು, ಆಮೇಲೆ ತಾನೇ ಒಮ್ಮೆ ತಿರುಗಿ ರಸ್ತೆಯನ್ನು ನೋಡಿದಳು. "ಅಂಕಲ್, ಬಾಗಿಲೆಲ್ಲಿ?" ಎಂದಳು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಹಿಂದ್ಗಡೆ ಇದೆಯಮ್ಮ, ಬಾ, ಕಾಫಿ ಕುಡಿ."

ನಂತರದ ಸಭೆಯಲ್ಲಿ ಅಧ್ಯಕ್ಷರು ಅವಳ ಮೇಲೆ ಹರಿಹಾಯ್ದರು. "ಬಾಗಿಲು ತಿರುಗಿಸಿ ಅಂದ್ರೆ ಟಾಯ್ಲೆಟ್ ತಗೊಂಡ್ಹೋಗಿ ದೇವ್ರ ಮೂಲೇಲಿ ಇಡೋದಾ? ಏನ್ ಮೇಡಂ ನೀವು ಓದಿದ್ದು?" ಅವಳಿಗೆ ತಲೆಬುಡ ತಿಳಿಯಲಿಲ್ಲ. "ಬಾಗಿಲು ತಿರುಗಿಸೋ ವಿಷಯ ನನಗೆ ಯಾರೂ ಹೇಳೇ ಇಲ್ಲ ಸರ್" ಎಂದು ನನ್ನ ಕಡೆ ನೋಡಿದಳು. ನಾನು ಆಗ ಉದ್ದಿನ ವಡೆಯನ್ನು ಸಾಂಬಾರಿನಲ್ಲಿ ಅದ್ದುತ್ತಿದ್ದೆ. ಅದ್ದುತ್ತಲೇ ಇದ್ದೆ. ವಡೆ ಕರಗಿಹೋಯಿತು, ನಾನು ತಲೆ ಎತ್ತಲಿಲ್ಲ. ಪಕ್ಕದ ಸೈಟಿನಲ್ಲಿ ಏಳಬೇಕಿದ್ದ ಪದವಿ ಕಾಲೇಜಿನ ಕಟ್ಟಡಕ್ಕೂ ಅವಳೇ ಎಂದು ಮಾತಾಗಿತ್ತು. ಅದು ಬೇರೆಯವರ ಪಾಲಾಯಿತು.

ಹೋದ ವಾರ ಶೌಚಾಲಯದ ಮುಂದಿನಿಂದ ತಪ್ಪಿಸಿಕೊಂಡವನೇ ನೇರ ಹೆಡ್‌ಮಿಸ್ ಕೋಣೆಗೆ ಹೋದೆ. ನೇರ ಎಂದರೆ ಮೂರನೆಯ ತರಗತಿಯ ಒಂದು ಹುಡುಗಿ ಕೈಹಿಡಿದು ಕರೆತಂದು ಬಿಟ್ಟುಹೋದಳು. "ಮೇಡಂ, ನಕ್ಷೆ ಸರಿಯಾಗೇ ಇತ್ತು, ಹಾಳು ಮಾಡಿದ್ದು ನಾನು" ಎಂದೆ. ಅವರು ಎದ್ದು ನಿಂತರು. "ಅಯ್ಯೋ ಬಿಡಿ ಸಾರ್, ದೊಡ್ಡವರು ನೀವು, ಇನ್ನೊಬ್ಬರ ತಪ್ಪನ್ನೂ ನಿಮ್ಮ ಮೇಲೆ ಹಾಕ್ಕೊಳ್ತೀರಲ್ಲ! ಇಂಥ ಮನಸ್ಸು ಈಗ ಎಲ್ಲಿದೆ?" ಎಂದು ಕಾಫಿ ತರಿಸಿದರು. ಇನ್ನೊಮ್ಮೆ ಹೇಳಲು ಬಾಯಿ ತೆರೆದೆ, ಬಿಸ್ಕತ್ತು ಬಂತು. ನಾನು ತಪ್ಪೊಪ್ಪಿಕೊಳ್ಳಲು ಹೋಗಿ ಇನ್ನಷ್ಟು ದೊಡ್ಡ ಮನುಷ್ಯನಾಗಿ ಹೊರಗೆ ಬಂದೆ.

ಹೊರಗೆ ಎಂದರೆ ಹಜಾರಕ್ಕೆ ಮಾತ್ರ. ಬಾಗಿಲು ಹುಡುಕುತ್ತಾ ಉದ್ಘಾಟನೆಯ ಕಲ್ಲಿನ ಮುಂದೆ ಬಂದು ನಿಂತೆ. ಈ ಕಟ್ಟಡದಲ್ಲಿ ದಾರಿ ತಪ್ಪಿದವರೆಲ್ಲ ಕೊನೆಗೆ ಅಲ್ಲಿಗೇ ಬರುತ್ತಾರೆ. ನನ್ನ ಪಕ್ಕದಲ್ಲಿ ಯಾರೋ ಒಬ್ಬ ತಂದೆ ಬೆವರು ಒರೆಸಿಕೊಳ್ಳುತ್ತಾ ಕಲ್ಲನ್ನು ಓದಿ, "ಓಹೋ, ಈಯಮ್ಮನಾ ಪ್ಲಾನ್ ಮಾಡಿದ್ದು!" ಎಂದು ಗೊಣಗಿದ. ಮೇಲ್ವಿಚಾರಣೆ ಎಂಬಲ್ಲಿ ಬಂಗಾರದ ಬಣ್ಣದಲ್ಲಿ ನನ್ನ ಹೆಸರೂ ಇದೆ, ಅದನ್ನು ಯಾರೂ ಬೈಯುವುದಿಲ್ಲ.

ಆ ಕಲ್ಲಿನ ಮುಂದೆ ನೀವೂ ಒಂದು ದಿನ ನಿಲ್ಲಬಹುದು, ಅದಕ್ಕೇ ಇದನ್ನು ಬರೆದೆ. ಅವಳ ನಂಬರು ಈಗಲೂ ನನ್ನ ಫೋನಿನಲ್ಲಿ 'ಸ್ಕೂಲ್ ಮೇಡಂ' ಎಂದೇ ಇದೆ, ಅಂದು ಮಾಡಬೇಕಿದ್ದ ಫೋನನ್ನು ಇಂದಿಗೂ ಮಾಡಿಲ್ಲ. ಬಾಗಿಲನ್ನು ಮಕ್ಕಳ ಎದುರಿಗೇ ಇಟ್ಟಿದ್ದವಳ ಹೆಸರು ಸುನೀತಾ.