ನಸುಕಿನ ಟಕಟಕ

ನಮ್ಮ ಕಟ್ಟಡದ ಟಕಟಕ ಸದ್ದಿನ ಮೂಲವನ್ನು ನಾನೇ ಪತ್ತೆ ಹಚ್ಚುತ್ತೇನೆ ಎಂದು ಮೆಟ್ಟಿಲ ಮೇಲೆ ನಿಂತು ಸಾರಿಬಿಟ್ಟೆ. ನನ್ನ ಕಿವಿಗಳ ಮೇಲೆ ನನಗೆ ಅಷ್ಟು ಭರವಸೆ. ಇಲ್ಲಿ ಯಾರ ಸೊಂಟ ಹಿಡಿದುಕೊಂಡರೂ, ಯಾರ ಸೊಸೆ ಮುನಿದರೂ ಕೇಳಿಸಿಕೊಳ್ಳುವವಳು ನಾನೇ. ಊರಿನ ಗೋಳೆಲ್ಲ ಹೊತ್ತು ಸುಸ್ತಾದ ಈ ಕಿವಿಗಳಿಗೆ ಒಂದು ಸದ್ದು ಯಾವ ಲೆಕ್ಕ?

ದಿನಾ ನಸುಕಿನಲ್ಲಿ ಗೋಡೆಯೊಳಗಿಂದ ಟಕ್ ಟಕ್ ಎಂದು ಕೇಳಿಸುತ್ತದಂತೆ. ಕೆಳಗಿನ ಮನೆಯಲ್ಲಿರುವ ಕಟ್ಟಡದ ಮಾಲೀಕರ ಅನುಮಾನವೆಲ್ಲ ನಮ್ಮ ಮೇಲಿನ ಮನೆಯ ಹೊಲಿಗೆಯವಳ ಮೇಲೆ. ಅವಳು ಒಂಟಿ ಹೆಂಗಸು, ಹೊಲಿಗೆ ಮಿಷಿನ್ನೇ ಅವಳ ಅನ್ನ.

"ಕದ್ದುಮುಚ್ಚಿ ಮಿಷಿನ್ ತುಳೀತಾಳೆ. ನಿಲ್ಲಿಸದಿದ್ರೆ ಮನೆ ಖಾಲಿ ಮಾಡ್ಲಿ," ಎಂದರು ಮಾಲೀಕರು.

"ಅಕ್ಕಾ, ದೇವರಾಣೆಗೂ ಆ ಹೊತ್ತಿಗೆ ನಾನು ಎದ್ದೇ ಇರಲ್ಲ," ಎಂದು ಅವಳು ನನ್ನ ಮುಂದೆ ಅತ್ತಳು.

ನನಗೊಬ್ಬಳಿಗೆ ಆ ಸದ್ದಿನ ಪರಿಚಯವಿರಲಿಲ್ಲ. ಆ ಹೊತ್ತಿನಲ್ಲಿ ನಮ್ಮವರು ವಾಕಿಂಗ್ ಹೋಗಿರುತ್ತಾರೆ, ನಾನು ದೇವರ ಧ್ಯಾನಕ್ಕೆ ಕೂತಿರುತ್ತೇನೆ. ಕೂತರೆ ಲೋಕದ ಪರಿವೆಯೇ ಇರುವುದಿಲ್ಲ ಎಂಬುದು ನನ್ನ ಇನ್ನೊಂದು ಹೆಮ್ಮೆ.

ಮರುದಿನ ಧ್ಯಾನಕ್ಕೆ ರಜೆ ಹಾಕಿ, ಅವಳ ಮನೆಯಲ್ಲೇ ಗೋಡೆಗೆ ಕಿವಿ ಹಚ್ಚಿ ಕೂತೆ. ಅವಳ ಗೊರಕೆಯೊಂದನ್ನು ಬಿಟ್ಟರೆ ಪರಮ ನಿಶ್ಶಬ್ದ. ಗೆದ್ದೆನೆಂದು ಮಾಲೀಕರ ಬಳಿ ಓಡಿದೆ.

"ನಸುಕಿನಿಂದ ಪಕ್ಕದಲ್ಲೇ ಇದ್ದೆ, ಯಜಮಾನ್ರೇ. ಅವಳು ಮಿಷಿನ್ ಮುಟ್ಲಿಲ್ಲ."

"ಇವತ್ತು ಸದ್ದೂ ಬರ್ಲಿಲ್ಲ, ಅಲ್ವಾ?"

"ಇಲ್ಲ."

"ನೀವು ಕಾವಲು ಕೂತ್ರಿ, ಸದ್ದು ನಿಂತ್ಹೋಯ್ತು. ಇನ್ನೇನಮ್ಮ ಸಾಕ್ಷಿ ಬೇಕು? ಈ ವಾರವೇ ಖಾಲಿ ಮಾಡ್ಲಿ."

ಬಿಡಿಸಲು ಹೋದ ವಕೀಲೆ ಗಲ್ಲು ಕೊಡಿಸಿ ಬಂದಿದ್ದಳು!

ಇನ್ನು ದೇವರೇ ಗತಿ. ಮರುದಿನ ಎಂದಿಗಿಂತ ಬೇಗ ಎದ್ದು, ಎಂದಿಗಿಂತ ಹೆಚ್ಚು ಹೊತ್ತು ಬೇಡಿಕೊಂಡೆ: ಆ ಸದ್ದು ನಿಲ್ಲಿಸಪ್ಪಾ, ಆ ಬಡಪಾಯಿಯನ್ನು ಕಾಪಾಡಪ್ಪಾ. ಮೆಟ್ಟಿಲಲ್ಲಿ ಸಿಕ್ಕ ಮಾಲೀಕರ ಕಣ್ಣು ಕೆಂಡವಾಗಿತ್ತು. "ಇವತ್ತು ದುಪ್ಪಟ್ಟು! ಸೊಕ್ಕು ನೋಡಿ ಅವಳಿಗೆ."

ನನ್ನ ಭಕ್ತಿ ಸಾಲದೆಂದುಕೊಂಡು ಅದರ ಮರುದಿನ ಮೈಮರೆತು ಮೊರೆಯಿಟ್ಟೆ. "ತುಳಿಯೋ ರಭಸ ಕೇಳಿದ್ರೆ ಸೇಡು ತೀರಿಸ್ಕೊಳ್ತಿರೋ ಹಾಗಿದೆ," ಎಂದರು ಮಾಲೀಕರು. ಮೇಲಿನ ಮನೆಯಲ್ಲಿ ಬಟ್ಟೆಗಳು ಗಂಟು ಸೇರತೊಡಗಿದವು.

ಮಾರನೆಯ ನಸುಕಿನಲ್ಲಿ ನಮ್ಮವರು ಕನ್ನಡಕ ಮರೆತು ವಾಪಸು ಬಂದರು. ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದರು, "ಏನೇ, ಕಣ್ಣು ಬಿಡು. ಆದ್ರೆ ಅಲ್ಲಾಡ್ಬೇಡ."

"ಯಾಕ್ರೀ, ಹಲ್ಲಿ ಬಿತ್ತಾ?"

"ಈಗ ಸದ್ದು ಇಲ್ಲ ಅಲ್ವಾ? ಮತ್ತೆ ದೇವರನ್ನ ನೆನೆಸ್ಕೋ."

ನೆನೆಸಿಕೊಂಡೆ. ಅಭ್ಯಾಸದಂತೆ ಮೈ ಹಿಂದಕ್ಕೂ ಮುಂದಕ್ಕೂ ತೂಗಿತು. ಬೆನ್ನುನೋವೆಂದು ಈಚೆಗೆ ನೆಲ ಬಿಟ್ಟು ಕುರ್ಚಿಯಲ್ಲಿ ಕೂರುತ್ತಿದ್ದೆನಲ್ಲ, ಆ ಕುರ್ಚಿಯ ಬೆನ್ನು ಹೋಗಿ ಹಿಂದಿನ ಕಬ್ಬಿಣದ ನೀರಿನ ಪೈಪಿಗೆ ಬಡಿಯಿತು. ಟಕ್. ಎಲ್ಲ ಮನೆಗಳ ಗೋಡೆ ಹಾದು ತಾರಸಿಗೆ ಹೋಗುವ ಪೈಪು ಅದು.

"ಶುರುವಾಯ್ತು ನೋಡಿ!" ಎಂದು ಕೆಳಗಿನಿಂದ ಮಾಲೀಕರ ದನಿ ಕೇಳಿಸಿತು.

ಆ ಟಕ್ ಟಕ್ ಇಷ್ಟು ದಿನ ನನ್ನ ಕಿವಿಗೆ ಬಿದ್ದಿರಲಿಲ್ಲವೆಂದಲ್ಲ. ಭಕ್ತಿಗೆ ತಾಳ ತಾನಾಗಿ ಕೂಡಿಬರುತ್ತಿದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಮಾಲೀಕರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ನನ್ನನ್ನೂ ಮೇಲಿನ ಮಹಡಿಯನ್ನೂ ಬಾರಿ ಬಾರಿ ನೋಡಿ, "ಅವಳು ಇರ್ಲಿ ಬಿಡಿ," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು. ಏದುಸಿರು ಬಿಡುತ್ತಾ ಮೇಲೆ ಹತ್ತಿ ಹೊಲಿಗೆಯವಳ ಕೈ ಹಿಡಿದುಕೊಂಡೆ.

"ತಪ್ಪಾಯ್ತು ತಂಗಿ. ನಿನಗೋಸ್ಕರವೇ ಅಷ್ಟು ಹೊತ್ತು ಬೇಡ್ಕೊಂಡೆ."

"ಗೊತ್ತಾಯ್ತಕ್ಕಾ, ಇಡೀ ಕಟ್ಟಡಕ್ಕೇ ಕೇಳಿಸ್ತು," ಎಂದಳು ಅವಳು, ಕಟ್ಟಿದ ಗಂಟು ಬಿಚ್ಚುತ್ತಾ. "ಇನ್ಮೇಲೆ ನನಗೆ ಒಳ್ಳೇದಾಗ್ಲಿ ಅಂತ ಬೇಡ್ಕೊಳ್ಳೋದಿದ್ರೆ, ದಯವಿಟ್ಟು ನಿಂತ್ಕೊಂಡು ಬೇಡ್ಕೊಳ್ಳಿ."