ಕುದುರೆ ಹೊಡೆಯದ ಮಾವ

ನಮ್ಮ ಸೋದರಮಾವ ಚೆಸ್‌ನಲ್ಲಿ ಸೋಲಲು ದೊಡ್ಡ ಎದುರಾಳಿಯೇ ಬೇಕಿಲ್ಲ, ಒಂದು ಕುದುರೆ ಸಾಕು! ಕೊಟ್ಟೂರಿನಲ್ಲಿ ಟೇಲರ್ ಆಗಿರುವ ಈ ಮಹಾನುಭಾವರು ಆನೆಯನ್ನು ಉರುಳಿಸುತ್ತಾರೆ, ಮಂತ್ರಿಗೆ ಮಣ್ಣು ಮುಕ್ಕಿಸುತ್ತಾರೆ. ಕುದುರೆಯನ್ನು ಮಾತ್ರ ಹೊಡೆಯುವುದಿಲ್ಲ. ಮನೆದೇವರು ಮೈಲಾರಲಿಂಗ, ಆತನ ವಾಹನ ಕುದುರೆ!

"ಪ್ಲಾಸ್ಟಿಕ್ ಕುದುರಿ ಮಾವಾ, ದೇವರಿಗೆ ಗೊತ್ತಾಗಂಗಿಲ್ಲ" ಎಂದರೆ, "ನನಗ ಗೊತ್ತಾಗತೈತಲ್ಲಲೇ!" ಎನ್ನುತ್ತಾರೆ.

ಹಡಗಲಿಯ ಪಂದ್ಯದಲ್ಲಂತೂ ಎದುರಾಳಿಯ ಕುದುರೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಟೂರ್ನಮೆಂಟಿನ ನಿಯಮ ಗೊತ್ತಲ್ಲ? ಎದುರಾಳಿಯ ಕಾಯಿ ಮುಟ್ಟಿದರೆ ಹೊಡೆಯಲೇಬೇಕು!

"ಮುಟ್ಟೀರಿ, ಹೊಡೀರಿ" ಎಂದರು ತೀರ್ಪುಗಾರರು.

"ನಮಸ್ಕಾರ ಮಾಡೀನ್ರಿ!"

"ನಮಸ್ಕಾರ ಮಾಡೇ ಹೊಡೀರಿ!"

ಮಾವ ಗೆಲ್ಲುವ ಆಟವನ್ನು ಸೋತೆನೆಂದು ಬಿಟ್ಟೆದ್ದು, ಅತ್ತೆಗೆ ಒಂದು ಮೊಳ ಮಲ್ಲಿಗೆ ಕೊಂಡು ಬಸ್ಸು ಹತ್ತಿದರು.

ಈ ವರ್ಷ ಹೇಗೋ ಹಗರಿಬೊಮ್ಮನಹಳ್ಳಿಯ ಟೂರ್ನಮೆಂಟಿನಲ್ಲಿ ಫೈನಲ್ ತಲುಪಿದರು. ಹೊರಡುವಾಗ, "ಈ ಸಲ ಸೋತ್ರ ಬೋರ್ಡು ಅಟ್ಟಕ್ಕ. ಮತ್ತ ಆಡಂಗಿಲ್ಲ" ಎಂದು ಘೋಷಿಸಿದರು. ಅತ್ತೆ ನನ್ನನ್ನು ಒಳಗೆ ಕರೆದು, "ಆಟ ಬಿಟ್ರ ಈ ಮನುಷ್ಯ ಮಂಕಾಗ್ತಾರ. ಅವರ ಜೋಡಿ ನೀನೂ ಹೋಗು" ಎಂದರು. ಪ್ರತಿ ಸೋಲಿಗೂ ಮಾವನನ್ನು ಗೇಲಿ ಮಾಡುತ್ತಿದ್ದ ಅತ್ತೆ!

ಎದುರಿಗೆ ಕೂತದ್ದು ಯಾರು? ಕೂಡ್ಲಿಗಿಯ ಬೈಕ್ ಮೆಕ್ಯಾನಿಕ್ ಭಾಯಿ. ಇಪ್ಪತ್ತು ವರ್ಷಗಳ ಎದುರಾಳಿ, ಮಾವನಿಗೆ ಒಮ್ಮೆಯೂ ಸೋತವರಲ್ಲ! ಅವರ ಕುದುರೆಗಳು ಮಾವನ ಪಾಳಯದಲ್ಲಿ ಆರಾಮಾಗಿ ಅಡ್ಡಾಡಿದವು. ಮಾವನೋ, ತಮ್ಮ ಕುದುರೆಯನ್ನು ಸೀದಾ ಭಾಯಿಯ ಆನೆಯ ಬಾಯಿಗೇ ಒಯ್ದು ನಿಲ್ಲಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. ಬೋರ್ಡು ಅಟ್ಟ ಸೇರಿತು ಎಂದುಕೊಂಡೆ.

ಭಾಯಿ ಆನೆಯತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದು, ಗಡ್ಡ ಸವರಿ, ಯಾವುದೋ ಸಿಪಾಯಿಯನ್ನು ಮುಂದೆ ತಳ್ಳಿದರು. ಮಾವನ ಕುದುರೆ ಜಿಗಿಯಿತು. ಚೆಕ್! ಭಾಯಿಯ ರಾಜನ ಸುತ್ತ ಅವನದೇ ಜನ, ಅಲುಗಾಡಲು ಜಾಗವಿಲ್ಲ. ಮೇಟ್!

"ಏಳು ಕೋಟಿ, ಏಳು ಕೋಟಿಗೋ!" ಮಾವ ಮೈಲಾರದ ಜಯಘೋಷವನ್ನೇ ಕೂಗಿಬಿಟ್ಟರು. ತೀರ್ಪುಗಾರರು ಬಾಯ ಮೇಲೆ ಬೆರಳಿಟ್ಟರು, ಯಾರು ಕೇಳಬೇಕು!

ಕಾಯಿಗಳನ್ನು ಡಬ್ಬಿಗೆ ತುಂಬಲು ಹೋದರೆ, ಬೋರ್ಡಿನ ಮೇಲೆ ನಾಲ್ಕೂ ಕುದುರೆಗಳು ನಿಂತಿದ್ದವು.

"ಭಾಯಿ, ಮಾವನ ಕುದುರಿ ನಿಮಗ ಕಾಣಲಿಲ್ಲೇನ್ರಿ?"

"ಕಂಡಿತ್ತಪಾ. ಇಪ್ಪತ್ತು ವರ್ಷದಾಗ ನನ್ನ ಒಂದು ಕುದುರಿ ಹೊಡದಿಲ್ಲ ಅವರು. ನಾ ಹೆಂಗ ಹೊಡೀಲಿ? ನಾನೂ ಅವರ ಕುದುರಿ ಯಾವತ್ತೂ ಹೊಡದಿಲ್ಲ. ಹಂಗ ಆಡೇ ಗೆದ್ದೀನಿ, ಇವತ್ತು ಹಂಗ ಆಡೇ ಸೋತೀನಿ."

ಗೆದ್ದ ಕಪ್ಪನ್ನು ಅಪ್ಪಿಕೊಂಡು ನಿಂತಿದ್ದ ಮಾವ ಅದನ್ನು ನನ್ನ ಕೈಗೆ ತುರುಕಿ, ಭಾಯಿಯನ್ನು ಅಪ್ಪಿಕೊಂಡರು.

"ಭಾನುವಾರ ಮನಿಗಿ ಬರ್ರಿ ಭಾಯಿ. ಬೋರ್ಡು ಹಾಸಿಟ್ಟಿರತೀನಿ" ಎಂದರು ಮಾವ.