ಬರಿಗಾಲಿನ ಗಿರಾಕಿಗಳು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಹೇಳಲು ಬರುವುದಿಲ್ಲ. ಮುಂದಿನದು ಹಿಂದಾಗುತ್ತದೆ, ಹಿಂದಿನದು ಮುಂದಾಗುತ್ತದೆ, ಎಲ್ಲರೂ ನಗಬೇಕಾದ ಜಾಗದಲ್ಲಿ ನಾನು ನಿಲ್ಲಿಸಿ ವಿವರಣೆ ಕೊಡುತ್ತೇನೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಬ್ಬರು, "ಬಾಯಲ್ಲಿ ಹೇಳಿ ಕೆಡಿಸ್ತೀರ, ಬರೆದಾದ್ರೂ ನೋಡಿ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಸಾವಿನ ಮನೆಗಳಿಗೆ ಓಡಾಡುವ ಕಸುಬಿನವನಿಗೆ ಇಂಥವು ಆಗುತ್ತಲೇ ಇರುತ್ತವೆ, ಬೇಡವೆಂದರೂ ಆಗುತ್ತವೆ. ಇವು ತಮಾಷೆಯವೋ ಅಲ್ಲವೋ ನನಗೆ ಸರಿಯಾಗಿ ತಿಳಿಯದು. ಮೇಷ್ಟ್ರು ನಕ್ಕರು. ನನ್ನ ಹೆಂಡತಿ ನಗಲಿಲ್ಲ.

೧. ಕಾಗದ

ನಾನು ಜಯನಗರದಲ್ಲಿರುವ ಚಿತ್ರಗಾರ. ತೀರಿಕೊಂಡವರ ಚಿಕ್ಕ ಫೋಟೋ ನೋಡಿಕೊಂಡು ದೊಡ್ಡದಾಗಿ ಬಣ್ಣದಲ್ಲಿ ಬರೆದುಕೊಡುತ್ತೇನೆ. ಅವರವರ ಮನೆಯ ಪದ್ಧತಿಯಂತೆ ಹನ್ನೊಂದನೆಯ ದಿನಕ್ಕೋ ಹದಿಮೂರನೆಯ ದಿನಕ್ಕೋ ಚೌಕಟ್ಟು ಹಾಕಿ ಮುಟ್ಟಿಸಬೇಕು, ಏಕೆಂದರೆ ಅಂದು ಅದಕ್ಕೆ ಹಾರ ಹಾಕಿ ಎಡೆ ಇಡುತ್ತಾರೆ. ಕರ್ಮ ಮಾಡುವ ಮಗ ಅಷ್ಟು ದಿನ ಚಪ್ಪಲಿ ಮೆಟ್ಟುವುದಿಲ್ಲ. ಹಾಗಾಗಿ ನನ್ನ ಗಿರಾಕಿಗಳೆಲ್ಲ ಬರಿಗಾಲಿನಲ್ಲೇ ಬರುತ್ತಾರೆ. ನನ್ನ ಹೆಂಡತಿ ಬಾಗಿಲು ತೆಗೆದರೆ ಬಂದವರ ಮುಖ ನೋಡುವುದಿಲ್ಲ, ಕಾಲು ನೋಡುತ್ತಾಳೆ. ಇದನ್ನು ಯಾಕೆ ಹೇಳಿದೆನೆಂದರೆ, ಮುಂದೆ ಬೇಕಾಗುತ್ತದೆ.

ಚಿತ್ರಕಲೆಯ ಶಾಲೆಯಲ್ಲಿ ನನಗೆ ಕಲಿಸಿದ್ದು ಬದುಕಿರುವವರನ್ನು ಎದುರು ಕೂರಿಸಿಕೊಂಡು ಬರೆಯುವುದನ್ನು. ಶಾಲೆ ಬಿಟ್ಟ ಮೇಲೆ ಒಬ್ಬರೂ ಕೂರಲಿಲ್ಲ. ನಮ್ಮ ಕಡೆ ಗೋಡೆಯ ಮೇಲೆ ಬಣ್ಣದಲ್ಲಿ ಇರುವವರು ಇಬ್ಬರೇ, ದೇವರು ಮತ್ತು ಸತ್ತವರು. ಬದುಕಿದ್ದಾಗಲೇ ಬರೆಸಿಕೊಂಡರೆ ಆಯುಸ್ಸು ಮುಗಿಯುತ್ತದೆಂದು ಹೆದರುತ್ತಾರೆ.

ಹೀಗಿರುವಾಗ ಹೊಸೂರು ರಸ್ತೆ ಕಡೆಯ ಒಂದು ಕಾರ್ಖಾನೆಯಿಂದ ಕಾಗದ ಬಂತು. ಮುಂದಿನ ಒಂದನೇ ತಾರೀಖು ಕೆಲಸಕ್ಕೆ ಸೇರಬೇಕು. ಕೊಡಿಸಿದವರು ಅಪ್ಪನ ಬಾಲ್ಯದ ಗೆಳೆಯರು, ಶ್ರೀನಗರದ ರಾಯರು. ಯಂತ್ರಗಳ ಮೇಲೆ ನಂಬರು ಬರೆಯುವ ಕೆಲಸ, ಕೊನೆಗೆ ಪಿಂಚಣಿ.

"ಮುಖ ಬರೆಯೋ ಕೆಲಸ ಏನಾದ್ರೂ ಇದೆಯಾ ರಾಯರೇ?" ಎಂದು ಕೇಳಿದೆ.

"ಇಲ್ಲದೆ ಏನು? ಕರೆಂಟ್ ಇರೋ ಕಡೆಯೆಲ್ಲ ತಲೆಬುರುಡೆ ಬರೀಬೇಕು" ಎಂದರು.

ಅಂದು ಹೆಂಡತಿಗೆ ಒಂದು ಮಾತು ಹೇಳಿದೆ. "ಒಂದನೇ ತಾರೀಖಿನೊಳಗೆ ಬದುಕಿರೋ ಮನುಷ್ಯ ಒಬ್ಬ ನನ್ನೆದುರು ಕೂತು ಪೂರ್ತಿ ಚಿತ್ರ ಬರೆಸ್ಕೊಂಡ್ರೆ ಇದೇ ಕಸುಬಲ್ಲಿ ಇರ್ತೀನಿ. ಇಲ್ಲಾಂದ್ರೆ ಕಾರ್ಖಾನೆ." ನಮ್ಮ ಮನೆ ಚಿಕ್ಕದು. ತಟ್ಟಿಗೋಡೆಯ ಆಚೆ ಅಪ್ಪ ಮಲಗಿದ್ದರು, ಗುಟ್ಟಿನ ಮಾತು ಅಂತ ನಮ್ಮಲ್ಲಿ ಯಾವುದೂ ಇಲ್ಲ.

ಅವಳು, "ಪ್ಯಾಂಟು ಇಸ್ತ್ರಿ ಮಾಡಿಸಿ ಇಟ್ಟಿರ್ತೀನಿ" ಎಂದಳು.

೨. ಅಜ್ಜಿಯ ಮೂಗು

ಆ ವಾರ ಚಿಕ್ಕಲಸಂದ್ರದಿಂದ ಬರಿಗಾಲಿನಲ್ಲಿ ಒಬ್ಬರು ಬಂದರು. ಹೊಲ ಮಾಡಿಕೊಂಡಿದ್ದ ಮನೆಯವರು, ತಾಯಿ ತೀರಿಕೊಂಡಿದ್ದರು. ಫೋಟೋ ಕೊಡಿ ಎಂದೆ. ಆಯಮ್ಮ ಹುಟ್ಟಿದಂದಿನಿಂದ ಒಂದು ಫೋಟೋವನ್ನೂ ತೆಗೆಸಿರಲಿಲ್ಲ.

"ಅದಕ್ಕೇನ್ ಸಾಮಿ, ನಮ್ಮ ಸೋದರಮಾವ ಅವ್ನೆ. ಅವ್ವಂಗೂ ಅವನ್ಗೂ ಒಂದೇ ಮಕ" ಎಂದರು.

ಮರುದಿನ ಆ ಮಾವನನ್ನು ಕರೆತಂದರು. ಎಪ್ಪತ್ತು ವರ್ಷದ ದಪ್ಪ ಮೀಸೆಯ ಯಜಮಾನ. ಅಕ್ಕನ ಸೀರೆಯ ಸೆರಗನ್ನು ಅವನ ತಲೆ ಮೇಲೆ ಹೊದಿಸಿ, ಮೀಸೆಗೆ ಒಂದು ಕೈ ಅಡ್ಡ ಹಿಡಿಸಿ ಕೂರಿಸಿದೆವು. ನನಗೆ ಒಳಗೊಳಗೇ ಸಂತೋಷ. ಬದುಕಿರುವ ಮನುಷ್ಯ ಎದುರು ಕೂತಿದ್ದಾನಲ್ಲ! ಹೆಂಡತಿಗೆ ಹೇಳಿದರೆ, "ಅವರು ಕೂತಿರೋದು ಸತ್ತವರ ಬದಲಿಗೆ ರೀ. ಲೆಕ್ಕಕ್ಕೆ ಬರಲ್ಲ" ಎಂದಳು. ಅವಳು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ, ಹನ್ನೊಂದನೆಯ ದಿನ ಹೆಣ್ಣುಮಕ್ಕಳು ಅದರ ಮುಂದೆ ಬಿದ್ದು ಅತ್ತರು. ಆ ಮಾವ ಮಾತ್ರ ತನ್ನ ಮುಖಕ್ಕೆ ಹಾರ ಬಿದ್ದಿದ್ದನ್ನು ನೋಡಿ ಬೆವತು ಕಂಬ ಹಿಡಿದುಕೊಂಡ. ಎಡೆ ಇಟ್ಟು, ಎಲ್ಲರೂ ಕೈಮುಗಿದು ಕಾಗೆ ಬರಲೆಂದು ಕಾಯುತ್ತಿದ್ದಾಗ ಹೇಳಿದ: "ಕಾಗೆ ಆಮ್ಯಾಕೆ ತಿನ್ಲಿ, ಮೊದ್ಲು ನಂಗೆ ಬಡಿಸ್ರೋ. ಮೂಗು ನಂದು, ನಾನಿನ್ನೂ ಇವ್ನಿ."

೩. ಅಮಲ್ದಾರರ ಏಣಿ

ನಮ್ಮ ಹಿಂದಿನ ರಸ್ತೆಯಲ್ಲಿ ನಿವೃತ್ತ ಅಮಲ್ದಾರರೊಬ್ಬರಿದ್ದರು. ಮೂಢನಂಬಿಕೆಯೆಂದರೆ ಉರಿದುಬೀಳುವವರು. "ನಾನು ಕೂರ್ತೀನಯ್ಯ, ಯಮ ಬಂದರೆ ಅರ್ಜಿ ಕೊಟ್ಟು ಹೋಗು ಅಂತೀನಿ" ಎಂದರು. ಕೋಟು, ರುಮಾಲು ಧರಿಸಿ ವರಾಂಡದ ಕುರ್ಚಿಯಲ್ಲಿ ಕೂತರು. ನಾನು ಒಂದೇ ಒಂದು ಷರತ್ತು ಹಾಕಿದೆ, ಅಲ್ಲಾಡಬಾರದು. ಅಲ್ಲಾಡಿದರೆ ಮೂಗಿನ ನೆರಳು ಜಾಗ ಬದಲಿಸುತ್ತದೆ. ಅವರು ಅಧಿಕಾರದಲ್ಲಿದ್ದವರು, ನಿಯಮ ಎಂದರೆ ನಿಯಮ. ಉಸಿರಾಡುವುದೂ ಕಾಣದ ಹಾಗೆ ಕೂತುಬಿಟ್ಟರು.

ನನ್ನ ಬಣ್ಣದ ಚೀಲ ಗೇಟಿನ ಹತ್ತಿರ ಇತ್ತು. ಆ ಚೀಲ ಯಾವ ಮನೆ ಮುಂದಿದ್ದರೆ ಏನರ್ಥ ಎಂದು ನಮ್ಮ ಬಡಾವಣೆಗೆ ಗೊತ್ತು. ಅಮಲ್ದಾರರ ಜೊತೆ ದಿನಾ ವಾಕಿಂಗ್ ಹೋಗುವ ಸ್ನೇಹಿತರೊಬ್ಬರು ಅದನ್ನು ಕಂಡು ನಿಂತರು. ಒಳಗೆ ನೋಡಿದರು. ಕಣ್ಣು ಬಿಟ್ಟುಕೊಂಡು ಕಲ್ಲಿನಂತೆ ಕೂತ ಗೆಳೆಯ. ಚಪ್ಪಲಿ ಬಿಟ್ಟು ಮೆಟ್ಟಿಲ ಹತ್ತಿರ ಬಂದು ಕೈಮುಗಿದರು. ನಾನು ಹೇಳಬೇಕೆಂದುಕೊಂಡೆ. ಆದರೆ ಬಾಯಲ್ಲಿ ಕುಂಚ ಕಚ್ಚಿಕೊಂಡಿದ್ದೆ.

"ಒಳ್ಳೇ ಮನುಷ್ಯ" ಎಂದು ಅವರು ಕಣ್ಣೊರೆಸಿಕೊಂಡರು. "ಕೋಪ ಒಂದು ಜಾಸ್ತಿ. ಇನ್ನು ನನ್ನ ಏಣಿ ತಗೊಂಡೋಗಿ ಮೂರು ವರ್ಷ ಆಯ್ತು, ವಾಪಸ್ ಕೊಡಲಿಲ್ಲ. ಹೋಗಲಿ ಬಿಡಿ, ಈಗ ಅದನ್ನೆಲ್ಲ ಆಡಬಾರದು."

ಅಮಲ್ದಾರರು ತುಟಿ ಮಾತ್ರ ಆಡಿಸಿ, ನೇರ ಮುಂದೆ ನೋಡುತ್ತಲೇ ಹೇಳಿದರು: "ಏಣಿ ನಂದು."

ಸ್ನೇಹಿತರನ್ನು ನೀರು ಚಿಮುಕಿಸಿ ಎಬ್ಬಿಸಬೇಕಾಯಿತು. ಅಮಲ್ದಾರರ ಪತ್ನಿ ಹೊರಗೆ ಬಂದು ನನ್ನ ಚೀಲವನ್ನು ರಸ್ತೆಗೆ ಎಸೆದರು. ಚಿತ್ರದಲ್ಲಿ ರುಮಾಲು ಮುಗಿದಿತ್ತು, ಎಡಗಿವಿ ಮುಗಿದಿತ್ತು. ಹೆಂಡತಿ ಅದನ್ನು ನೋಡಿ, "ಇದೂ ಲೆಕ್ಕಕ್ಕೆ ಬರಲ್ಲ, ಮುಖವೇ ಇಲ್ಲ" ಎಂದಳು. ಏಣಿಯನ್ನು ಆ ಇಬ್ಬರೂ ಮಧ್ಯಕ್ಕೆ ಗರಗಸದಿಂದ ಕೊಯ್ದು ಹಂಚಿಕೊಂಡರೆಂದು ಆಮೇಲೆ ಕೇಳಿದೆ.

೪. ಕನ್ನಡಿ

ಇದು ಚಿಕ್ಕದು. ತಾರೀಖು ಹತ್ತಿರವಾಯಿತೆಂದು ಕನ್ನಡಿ ಇಟ್ಟುಕೊಂಡು ನನ್ನನ್ನೇ ಬರೆಯಲು ಶುರುಮಾಡಿದೆ. ನಾನೂ ಬದುಕಿರುವ ಮನುಷ್ಯನೇ ತಾನೆ? ಹೆಂಡತಿ ಕಾಫಿ ತಂದವಳು ನೋಡಿದಳು, ಲೋಟ ಕೆಳಗಿಟ್ಟಳು, ಚಿತ್ರವನ್ನು ಗೋಡೆಯ ಕಡೆ ತಿರುಗಿಸಿದಳು.

"ನಾನಿನ್ನೂ ಹೂ ಮುಡೀತಿದೀನಿ ರೀ" ಎಂದಳು.

ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಹಾಗೇ ಕುಡಿದೆ.

೫. ಮೀಸೆ

ಒಂದನೇ ತಾರೀಖಿಗೆ ಮೂರು ದಿನ ಇತ್ತು. ಬೆಳಿಗ್ಗೆ ಅಪ್ಪ ಕುರ್ಚಿಯನ್ನು ತಾವೇ ಎಳೆದುಕೊಂಡು ಬಂದು ನನ್ನೆದುರು ಕೂತು, "ಬರಿ" ಎಂದರು.

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಮೂವತ್ತು ವರ್ಷ ಗುಮಾಸ್ತರಾಗಿದ್ದು ಒಂದು ದಿನವೂ ಕಚೇರಿಗೆ ತಡವಾಗಿ ಹೋದವರಲ್ಲ. ನನ್ನ ಕಸುಬು ಕಂಡರೆ ಆಗದು. ನಾನು ಕೆಲಸಕ್ಕೆ ಸೇರಲಿ ಎಂದು ರಾಯರ ಮನೆಗೆ ಹತ್ತು ಸಲ ನಡೆದವರು ಅವರೇ.

"ಯಾಕಪ್ಪ, ಈಗ?" ಎಂದೆ.

"ನೀನು ಬರೆದವರನ್ನೆಲ್ಲ ನೋಡಿದೀನಿ. ಒಬ್ಬರ ಮೂಗೂ ನೆಟ್ಟಗಿಲ್ಲ. ಹೋದಮೇಲೆ ಬರೆದ್ರೆ ತಿದ್ದೋಕೆ ನಾನಿರ್ತೀನಾ?"

ಹೀಗೆ ಬದುಕಿರುವ ಮನುಷ್ಯ ಒಬ್ಬರು ಕೂತರು. ದಿನದ ಕೊನೆಗೆ ಎದ್ದು ಬಂದು ಚಿತ್ರ ನೋಡಿ, ಕಚೇರಿಯ ಕರಡು ತಿದ್ದುವಂತೆ ಒಂದು ಚೀಟಿ ಬರೆದಿಡುತ್ತಿದ್ದರು: 'ಎಡಗಿವಿ ಮರುಪರಿಶೀಲಿಸುವುದು. ಗಲ್ಲ ಇಷ್ಟು ಬೇಡ. ಮೀಸೆ ತೃಪ್ತಿಕರವಾಗಿಲ್ಲ.' ಎರಡನೆಯ ದಿನವೂ ಮೀಸೆ ತೃಪ್ತಿಕರವಾಗಿರಲಿಲ್ಲ. ಮೂರನೆಯ ದಿನವೂ ಇರಲಿಲ್ಲ.

ಒಂದನೇ ತಾರೀಖು ಇಸ್ತ್ರಿ ಪ್ಯಾಂಟು ಹಾಕಿ ಹೊರಟೆ. ಎಂಟು ಗಂಟೆಯೊಳಗೆ ಕಾರ್ಖಾನೆಯ ಗೇಟಿನಲ್ಲಿರಬೇಕು. ಅಪ್ಪ ಆಗಲೇ ಕುರ್ಚಿಯಲ್ಲಿದ್ದರು.

"ಎಲ್ಲಿಗೆ? ಮೀಸೆ ಮುಗಿದಿಲ್ಲ."

"ಇವತ್ತು ಸೇರ್ಬೇಕಲ್ಲಪ್ಪ. ಬಸ್ಸು ಹೊರಟುಹೋಗುತ್ತೆ."

"ಐದು ನಿಮಿಷ. ಈ ಎಡಗಡೆ ತುದಿ ಒಂದು ಸರಿಮಾಡು."

ಎಡಗಡೆ ಆಯಿತು. ಬಲಗಡೆ ದಪ್ಪವಾಯಿತೆಂದರು. ಅದಾಯಿತು. ನಡುವೆ ಎರಡು ಬಿಳಿ ಕೂದಲು ಬಿಟ್ಟುಹೋಗಿದೆ ಎಂದರು. ಹನ್ನೊಂದು ಗಂಟೆಗೆ ಎದ್ದು, ಚಿತ್ರ ನೋಡಿ, "ಹ್ಞೂಂ, ಈಗ ನಾನೇ" ಎಂದರು. ಆಮೇಲೆ ನನ್ನ ಇಸ್ತ್ರಿ ಪ್ಯಾಂಟಿನ ಕಡೆ ನೋಡಿ ಗದರಿದರು: "ಮೊದಲನೇ ದಿನವೇ ಇಷ್ಟು ತಡ ಮಾಡ್ಕೊಂಡ್ರೆ ಯಾವನೋ ಕೆಲಸ ಕೊಡ್ತಾನೆ?"

೬. ಬಚ್ಚಲುಮನೆ

ಚಿತ್ರವನ್ನು ನಡುಮನೆಯಲ್ಲಿ ತೂಗುಹಾಕಿದೆವು. ಹಸಿ ಬಣ್ಣದ ವಾಸನೆ ತಡೆಯಲಾರದೆ ಹೆಂಡತಿ ಅದರ ಕೆಳಗೆ ಊದಿನಕಡ್ಡಿ ಹಚ್ಚಿಟ್ಟಳು. ಇದು ಮುಖ್ಯ, ನೆನಪಿಡಿ.

ರಾಯರು ಮಗಳ ಊರಿಗೆ ಹೋಗಿದ್ದವರು ನಾಲ್ಕನೆಯ ದಿನ ಬಂದರು. ನಾನು ಕೆಲಸಕ್ಕೆ ಹೋಗಿಲ್ಲವೆಂದು ತಿಳಿದು, ಬೈಯಲೆಂದೇ ಬಂದವರು. ಬಾಗಿಲಲ್ಲೇ ಚಿತ್ರ ಕಂಡಿತು, ಊದಿನಕಡ್ಡಿ ಕಂಡಿತು. ಬೈಗುಳ ಬಾಯಲ್ಲೇ ಉಳಿಯಿತು. ಕೆಳಗೆ ಕುಸಿದು ಕೂತು ಮಗುವಿನ ಹಾಗೆ ಅತ್ತರು. "ಒಂದನೇ ತಾರೀಖೇ ಆಗಿರ್ಬೇಕು, ಅದಕ್ಕೇ ನೀನು ಹೋಗಿಲ್ಲ. ಎಂಥಾ ಗೆಳೆಯನಪ್ಪ! ನನಗೆ ಟೈಫಾಯಿಡ್ ಬಂದಾಗ ಇಪ್ಪತ್ತೊಂದು ದಿನ ಗಂಜಿ ಕುಡಿಸಿದವನು" ಎಂದರು.

ನಾನು ನಿಜ ಹೇಳಲು ಬಾಯಿ ತೆರೆದೆ. ಆಗ ಬಚ್ಚಲುಮನೆಯ ಬಾಗಿಲ ಸಂದಿಯಲ್ಲಿ ಅಪ್ಪ ಕಂಡರು. ಮೈಯೆಲ್ಲ ಸೋಪು, ತುಟಿಯ ಮೇಲೆ ಬೆರಳು. ಅಷ್ಟರಲ್ಲಿ ಒಳಗಿನಿಂದ ಹೆಂಡತಿ, "ಮಾವ, ಕಾಫಿ ಆರಿಹೋಗ್ತಿದೆ" ಎಂದು ಕೂಗಿದಳು. ರಾಯರು ಚಿತ್ರದ ಕಡೆ ನೋಡಿ, "ಪಾಪ, ಆ ಮಗು ಇನ್ನೂ ಕರೀತಿದೆ" ಎಂದು ಮತ್ತೆ ಅತ್ತರು. ಹೊರಡುವಾಗ ನನ್ನ ಭುಜ ತಟ್ಟಿದರು. "ಕರ್ಮಾಂತರ ಮುಗಿಯೋವರೆಗೂ ಜಾಗ ಇಟ್ಟಿರೋಕೆ ಕಾರ್ಖಾನೆಯವರಿಗೆ ಹೇಳ್ತೀನಿ. ಹದಿಮೂರನೇ ದಿನ ಬರ್ತೀನಿ."

ಅಪ್ಪ ಕೆಲಸ ಉಳಿಸಲು ಸುಮ್ಮನಿರಿಸಿದರೆಂದುಕೊಂಡು ನಾನೂ ಸುಮ್ಮನಾದೆ. ಆಮೇಲೆ ಅವರು ಹೊರಗೆ ಕಾಲಿಡಲಿಲ್ಲ. ಗೇಟು ಸದ್ದಾದರೆ ಬಚ್ಚಲುಮನೆಗೆ ಓಡುತ್ತಿದ್ದರು. ಹದಿಮೂರನೇ ದಿನ ಗೇಟು ಸದ್ದಾಯಿತು. ಅಪ್ಪ ನೇರವಾಗಿ ಹೋಗಿ ತಾವೇ ಬಾಗಿಲು ತೆಗೆದರು. ಎದುರಿಗೆ ರಾಯರು, ಕೈಯಲ್ಲಿ ದೊಡ್ಡ ಹಾರ.

"ಬಾರೋ. ಊಟದ ಹೊತ್ತಿಗೆ ಸರಿಯಾಗಿ ಬಂದೆ" ಎಂದರು ಅಪ್ಪ.

ರಾಯರು ಅಪ್ಪನನ್ನು ನೋಡಿದರು, ಚಿತ್ರವನ್ನು ನೋಡಿದರು, ಹಾರವನ್ನು ನೋಡಿದರು.

"ಅವತ್ತು ಬಚ್ಚಲಲ್ಲಿದ್ದೆ ಕಣೋ. ಚೆನ್ನಾಗಿ ಅತ್ತೆ" ಎಂದರು ಅಪ್ಪ.

ರಾಯರು ಹಾರವನ್ನು ನಮ್ಮ ಗೇಟಿಗೆ ಹಾಕಿ ಹೊರಟುಹೋದರು. ಕೆಲಸ ಬೇರೆಯವರಿಗೆ ಹೋಯಿತು.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಪ್ಪ ಕಾಫಿ ಕುಡಿದು ಅದೇ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಇದು ನಿಜವಾದದ್ದು. ನಾನೇ ಶ್ರೀನಗರಕ್ಕೆ ಓಡಿದೆ. ಅವಸರದಲ್ಲಿ ಚಪ್ಪಲಿ ಮರೆತಿದ್ದೆ. ರಾಯರು ಬಾಗಿಲಲ್ಲಿ ನಿಂತು ನನ್ನ ಕಾಲು ನೋಡಿದರು.

"ಈ ಸಲ ಬರಿಗಾಲಲ್ಲಿ ಬಂದಿದೀಯ. ನಾಟಕ ಚೆನ್ನಾಗಿ ಕಲಿತಿದೀಯ. ಅವನೇ ಬಚ್ಚಲಿಂದ ಹೊರಗೆ ಬಂದು ಕರೀಲಿ, ಬರ್ತೀನಿ" ಎಂದು ಬಾಗಿಲು ಹಾಕಿಕೊಂಡರು. ಹದಿಮೂರನೆಯ ದಿನದ ಕಾರ್ಡು ಕಳಿಸಿದೆವು. ಬರಲಿಲ್ಲ. ಅದಾಗಿ ಈಗ ಎರಡು ತಿಂಗಳಾಯಿತು.

ಕಲೆಗಾಗಿ ನಾನು ಕೆಲಸ ಬಿಟ್ಟೆ ಎಂದು ಮೇಷ್ಟ್ರು ಎಲ್ಲರಿಗೂ ಹೇಳುತ್ತಾರೆ. ಅದು ಹಾಗಲ್ಲ. ಅದನ್ನು ಇಲ್ಲಿ ಸರಿಯಾಗಿ ವಿವರಿಸಬೇಕು. ಅಪ್ಪನ ಚಿತ್ರದಲ್ಲಿ ಕಣ್ಣುಗಳು ಸ್ವಲ್ಪ ಮೇಲಕ್ಕೆ, ಎಡಕ್ಕೆ ನೋಡುತ್ತಿವೆ. ಆ ಕೊನೆಯ ಬೆಳಿಗ್ಗೆ ಮೀಸೆಯ ಜೊತೆ ಕಣ್ಣನ್ನೂ ಕಂಡ ಹಾಗೆ ತಿದ್ದಿದ್ದೆ, ಯಾಕೆಂದು ಆಗ ಯೋಚಿಸಲಿಲ್ಲ. ನಿನ್ನೆ ಅವರ ಕುರ್ಚಿಯಲ್ಲಿ ಕೂತು ಹಾಗೆಯೇ ನೋಡಿದೆ. ಅಲ್ಲಿರುವುದು ಗೋಡೆ ಗಡಿಯಾರ. ಅಂದರೆ ಆ ಬೆಳಿಗ್ಗೆ ಅವರಿಗೆ ಹೊತ್ತು ಗೊತ್ತಿತ್ತು. ಒಂದು ದಿನವೂ ತಡ ಮಾಡದ ಮನುಷ್ಯ, ಗಡಿಯಾರ ನೋಡಿಕೊಂಡೇ, ಮೀಸೆ ಸರಿಯಿಲ್ಲ ಸರಿಯಿಲ್ಲ ಎಂದು ನನ್ನನ್ನು ಹನ್ನೊಂದರವರೆಗೆ ಕೂರಿಸಿದರು. ಗೇಟು ಸದ್ದಾದಾಗೆಲ್ಲ ಬಚ್ಚಲಿಗೆ ಓಡಿದವರು ಹದಿಮೂರನೆಯ ದಿನ ತಾವೇ ಹೋಗಿ ಬಾಗಿಲು ತೆಗೆದರು. ಇವೆರಡನ್ನೂ ಕೂಡಿಸಿ ನೋಡಿದರೆ ಅರ್ಥವಾಗುವುದೇನೆಂದರೆ, ತಟ್ಟಿಗೋಡೆಯ ಆಚೆ ಅಪ್ಪ ಅಂದು

ಒಂದು ನಿಮಿಷ, ಹೆಂಡತಿ ಕೂಗುತ್ತಿದ್ದಾಳೆ. "ರೀ, ಬೇಗ ಬನ್ನಿ. ಶ್ರೀನಗರದ ರಾಯರು ಬಂದಿದಾರೆ. ಬಚ್ಚಲುಮನೆ ಬಾಗಿಲು ತಟ್ಟಿಕೊಂಡು, ಸಾಕು ಹೊರಗೆ ಬಾರೋ, ನನ್ನ ಕೋಪ ಹೋಯ್ತು ಅಂತಿದಾರೆ. ನೀವೇ ಹೇಳಿ ರೀ, ನನ್ನ ಕೈಲಾಗಲ್ಲ."